ಹತ್ತಿ ಹಿಂಜುವ ಮನೆಯ ಕೂಸು

ಬೀದಿಯವರೆಲ್ಲ ಅವಳನ್ನು ದಬ್ಬಳದಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅದು ಯಾರ ಬಾಯಲ್ಲೂ ಬರಲಿಲ್ಲ. ದಬ್ಬಳವೆಂದರೆ ಗೇಣುದ್ದದ ದಪ್ಪ ಸೂಜಿ. ಅದಕ್ಕೆ ಹುರಿದಾರ ಪೋಣಿಸಿ, ಹತ್ತಿ ತುಂಬಿದ ಹಾಸಿಗೆಯ ಮೇಲಿನಿಂದ ಕೆಳಕ್ಕೆ ಚುಚ್ಚಿ, ಕೆಳಗಿನಿಂದ ಮೇಲಕ್ಕೆ ಎಳೆದು, ಗಂಟು ಬಿಗಿದು, ಒಂದು ಗೇಣು ಸರಿದು ಕೂತು ಮತ್ತೆ ಚುಚ್ಚುವುದು. ಬೆಳಿಗ್ಗೆ ಕಸ ಗುಡಿಸಿದಲ್ಲಿಂದ ಹೊತ್ತು ಮುಳುಗುವವರೆಗೆ ಇದೇ. ಸಂಜೆಯ ಹೊತ್ತಿಗೆ ಬಲಗೈ ಹೆಬ್ಬೆರಳು ತನ್ನದೋ ಬೇರೆಯವರದೋ ಎಂದು ತಿಳಿಯದಷ್ಟು ಜೋಮು ಹಿಡಿದಿರುತ್ತಿತ್ತು. ಸೊಂಟದ ಮಾತು ಬೇಡವೇ ಬೇಡ.

ಮನೆಯೆಂದರೆ ಎರಡು ಕೋಣೆ. ಬೀದಿ ಕಡೆಯದು ಅಂಗಡಿ. ಅಲ್ಲಿ ಹತ್ತಿ ಹಿಂಜುವ ಯಂತ್ರ, ಬಿಚ್ಚಿ ಹಾಕಿದ ಹಳೆಯ ಹಾಸಿಗೆಗಳು, ಪಟ್ಟೆ ಬಟ್ಟೆಯ ಸುರುಳಿಗಳು. ಜನ ತಮ್ಮ ಗಂಟುಗಂಟಾದ ಹಾಸಿಗೆ ತಂದು ಹಾಕುವರು, ಇವರು ಅದರ ಹೊಟ್ಟೆ ಬಗೆದು, ಹತ್ತಿ ಬಡಿದು, ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವರು. ಹಿಂದಿನ ಕೋಣೆ ಉಳಿದ ಎಲ್ಲದಕ್ಕೂ. ಅಡುಗೆ ಅಲ್ಲೇ, ಊಟ ಅಲ್ಲೇ, ಮಲಗುವುದೂ ಅಲ್ಲೇ. ಎರಡರ ನಡುವೆ ಬಾಗಿಲಿರಲಿಲ್ಲ, ಒಂದು ಪರದೆ ಇತ್ತು. ಹಿಂದಿನ ಕೋಣೆಗೆ ಓಣಿಯತ್ತ ಒಂದು ಕಿಟಕಿ. ಅದಕ್ಕೆ ಮಾವ ಯಾವ ಕಾಲದಲ್ಲೋ ಮೊಳೆ ಹೊಡೆದು ಮುಚ್ಚಿಬಿಟ್ಟಿದ್ದರು. ಗಾಳಿ ಒಳಗೆ ಬಂದರೆ ಹಿಂಜಿದ ಹತ್ತಿ ಬೀದಿಗೆ ಹಾರಿಹೋಗುತ್ತದೆ, ಹಾರಿದ ಹತ್ತಿ ಹಿಂದಕ್ಕೆ ಬರುವುದಿಲ್ಲ ಎಂಬುದು ಅವರ ಲೆಕ್ಕ.

ಮಾವ ಕೆಟ್ಟವರೇನಲ್ಲ. ಗದರುವವರೂ ಅಲ್ಲ. ಆದರೆ ಆ ಮನೆಯಲ್ಲಿ ಒಂದು ಲೋಟ ಈ ಗೂಡಿನಿಂದ ಆ ಗೂಡಿಗೆ ಹೋಗಬೇಕಾದರೂ ಅವರು ತಲೆಯಾಡಿಸಬೇಕಿತ್ತು. ಗಂಡ ಯಂತ್ರ ನಡೆಸುತ್ತಿದ್ದ. ಅವನ ಬಾಯಿಂದ ‘ಹೂಂ’ ಬಿಟ್ಟು ಬೇರೆ ಮಾತು ಕೇಳಿದವರು ಕಡಿಮೆ. ಎದುರುಮನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಅಕ್ಕ ನಗುತ್ತಿದ್ದಳು: “ಮದುವೆ ದಿನಾನೂ ಅಷ್ಟೇ ಅಂದಿರ್ತಾನೆ ಕಣೇ ನಿನ್ ಗಂಡ. ಅದಕ್ಕೇ ಮದುವೆ ಆಗಿಹೋಯ್ತು.”

ದಬ್ಬಳದಮ್ಮನಿಗೆ ಮಗಳು ಹುಟ್ಟಿದಾಗ ಕೂಸು ದುಂಡುದುಂಡಗೆ ಇತ್ತು. ತೊಡೆಯಲ್ಲಿ ಮಡಿಕೆ, ಮೊಣಕೈಯಲ್ಲಿ ಮಡಿಕೆ. ಮಾವ ಎತ್ತಿಕೊಂಡು “ಬಾರೇ ಗುಂಡಮ್ಮ” ಎಂದರು, ಅದೇ ಹೆಸರಾಯಿತು. ಆ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾವ ಮಾಡುತ್ತಿದ್ದ ಒಂದು ಕೆಲಸವಿತ್ತು. ಯಂತ್ರದ ಬಲೆಗೆ ಸಿಗದೆ ಹಾರಿ, ಗೋಡೆಯ ಮೇಲೆ, ಮೂಲೆಯಲ್ಲಿ, ದೀಪದ ತಂತಿಯ ಮೇಲೆ ಕೂರುವ ಅತಿ ಸಣ್ಣ ಎಳೆ ಇರುತ್ತದಲ್ಲ, ಅದನ್ನು ಅವರು ಯಾರಿಗೂ ಗುಡಿಸಲು ಬಿಡುತ್ತಿರಲಿಲ್ಲ. ತಾವೇ ಮೆಲ್ಲಗೆ ಸವರಿ ತೆಗೆದು ಒಂದು ಚೀಲದಲ್ಲಿ ಕೂಡಿಡುವರು. ಅದಕ್ಕೆ ‘ಬೆಣ್ಣೆ ಹತ್ತಿ’ ಎಂದು ಹೆಸರಿಟ್ಟಿದ್ದರು. ಮುಟ್ಟಿದರೆ ಬೆರಳಿಗೆ ಏನೂ ತಾಕಿದಂತೆ ಇರುತ್ತಿರಲಿಲ್ಲ, ಅಷ್ಟು ಮೆತ್ತಗೆ. ಎಂಥ ದೊಡ್ಡ ಗಿರಾಕಿ ಬಂದು ಕೇಳಿದರೂ ಅದನ್ನು ಮಾರಿದವರಲ್ಲ. “ಊರ ಮಂದಿ ಹತ್ತಿ ಮೇಲೆ ಮಲಗ್ತಾರೆ, ನಮ್ಮನೆ ಮಕ್ಕಳು ಬೆಣ್ಣೆ ಮೇಲೆ ಮಲಗ್ತಾವೆ” ಎನ್ನುವುದು ಅವರ ಹೆಮ್ಮೆ. ಗುಂಡಮ್ಮನ ಪುಟ್ಟ ಹಾಸಿಗೆಗೂ ದಿಂಬಿಗೂ ಅದನ್ನೇ ತುಂಬಿದರು. ಹೊಲಿದವಳು ಅವಳೇ. ಬಾಣಂತನದ ಮೈಯಲ್ಲೇ, ಒಂದೊಂದು ಗಂಟನ್ನೂ ಕೂಸಿಗೆ ಒತ್ತದ ಹಾಗೆ ಬದಿಗೆ ಸರಿಸಿ ಹೊಲಿದಿದ್ದಳು.

ಕೂಸು ಅಂಬೆಗಾಲಿಡುವ ಹೊತ್ತಿಗೆ ಕೆಮ್ಮು ಶುರುವಾಯಿತು. ಮೊದಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಆಮೇಲೆ ಎದೆಯಲ್ಲಿ ಹಳೆಯ ಬಾಗಿಲ ಕೀಲು ಕಿರುಗುಟ್ಟಿದಂತೆ ಒಂದು ಸದ್ದು. ಉಸಿರು ಎಳೆಯುವುದೇ ಅದಕ್ಕೊಂದು ದುಡಿಮೆಯಾಯಿತು. ಉಸಿರಿಗೇ ಇದ್ದ ಬಲವೆಲ್ಲ ಹೋದರೆ ಉಣ್ಣುವುದು ಯಾವುದರಲ್ಲಿ? ಗಂಜಿ ಬಾಯಿಗಿಟ್ಟರೆ ಎರಡು ತುತ್ತಿಗೆ ಮುಖ ತಿರುಗಿಸುವುದು, ಮೂರನೆಯದಕ್ಕೆ ಕೆಮ್ಮಿ ತಿಂದದ್ದೆಲ್ಲ ಅವಳ ಸೀರೆಯ ಮೇಲೆ ಹಾಕುವುದು. ತೊಡೆಯ ಮಡಿಕೆಗಳು ಎಲ್ಲಿ ಹೋದವೋ, ಚರ್ಮ ಜೋಲುಬಿತ್ತು. ಓಣಿಯ ಮಕ್ಕಳು ಇನ್ನೂ ಗುಂಡಮ್ಮ ಎಂದು ಕೂಗಿದರೆ ಯಾರೋ ಅಣಕಿಸಿದಂತೆ ಅವಳಿಗೆ ಕೇಳುತ್ತಿತ್ತು.

“ಥಂಡಿ ಹಿಡಿದಿದೆ” ಎಂದರು ಮಾವ. ಇನ್ನೊಂದು ಹಿಡಿ ಬೆಣ್ಣೆ ಹತ್ತಿ ತಂದು ಹಾಸಿಗೆಗೆ ಸೇರಿಸಿದರು. ಒಂದು ಪುಟ್ಟ ಕೌದಿಗೂ ತುಂಬಿದರು. ಕೆಮ್ಮು ಹೆಚ್ಚಾಯಿತು. ಮತ್ತೊಂದು ಹಿಡಿ ಸೇರಿಸಿದರು.

ಡಾಕ್ಟರ ಹತ್ತಿರ ಹೋಗಬೇಕೆಂದು ಅವಳಿಗೆ ಅನಿಸಿ ತಿಂಗಳುಗಳೇ ಆಗಿದ್ದವು. ಆದರೆ ಆ ಮನೆಯಲ್ಲಿ ಅನಿಸಿದ್ದು ಮಾತಾಗಬೇಕಾದರೆ ಅದಕ್ಕೊಂದು ದಾರಿಯಿತ್ತು. ಅವಳು ಗಂಡನಿಗೆ ಹೇಳುವಳು. ಅವನು “ಹೂಂ” ಅಂದು, ತನ್ನ ತಾಯಿಯ ಕಿವಿಗೆ ಹಾಕುವನು. ಅತ್ತೆ ಮಾವನ ಮುಖ ನೋಡಿ, ಊಟ ರುಚಿಸಿದೆಯೇ, ಯಂತ್ರ ಕೈಕೊಟ್ಟಿಲ್ಲವೇ ಎಂದು ಅಳೆದು, ಹೊತ್ತು ನೋಡಿ ಬಾಯಿ ಬಿಡುವರು. ಮಾವ ಉತ್ತರ ಕೊಟ್ಟರೆ ಅದು ಅದೇ ಮೆಟ್ಟಿಲುಗಳನ್ನು ಇಳಿದು ಅವಳವರೆಗೆ ಬರುವುದು. ಬರುವಷ್ಟರಲ್ಲಿ ಅವಳು ಕೇಳಿದ್ದೇನೆಂದು ಅವಳಿಗೇ ಮರೆತಿರುತ್ತಿತ್ತು.

ಈ ಸಲ ಬಂದ ಉತ್ತರ: “ಹಾಸ್ಟೆಲಿನವರ ಹಾಸಿಗೆ ಮುಗೀಲಿ. ಆಮೇಲೆ ನೋಡೋಣ.”

ಹಾಸ್ಟೆಲಿನವರ ಹಾಸಿಗೆಗಳು ಅಂಗಡಿಯಲ್ಲಿ ಸೂರಿನವರೆಗೆ ಪೇರಿಸಿ ಬಿದ್ದಿದ್ದವು. ಯಂತ್ರ ನಿಲ್ಲದೆ ಓಡುತ್ತಿತ್ತು. ಪರದೆಯ ಬಣ್ಣ ಯಾವುದೆಂದು ಕಾಣದಷ್ಟು ಧೂಳು. ಕೂಸು ಕೆಮ್ಮಿದಾಗಲೆಲ್ಲ ಅವಳು ದಬ್ಬಳವನ್ನು ಹಾಸಿಗೆಯಲ್ಲೇ ಚುಚ್ಚಿ ನಿಲ್ಲಿಸಿ, ಎದ್ದು ಹೋಗಿ, ಬೆನ್ನು ಸವರಿ, ಹಿಂದಿರುಗಿ ಬಂದು ಕೂರುವಳು. ಎದ್ದು ಕೂತು ಎದ್ದು ಕೂತು ಮೊಣಕಾಲು ಚಿಪ್ಪು ಸವೆದಂತಾಗಿತ್ತು.

ಆ ಗಲಾಟೆಯಲ್ಲೇ ಇಸ್ತ್ರಿ ಅಕ್ಕ ಒಂದು ದಿನ ಬಾಗಿಲಲ್ಲಿ ನಿಂತಳು. “ಕೂಸನ್ನ ಇತ್ತ ಕೊಡೇ. ನೀನು ಹೊಲೀತೀಯೋ ಮಗೂನ ಎತ್ಕೊಂಡು ಕುಣೀತೀಯೋ? ಹಗಲು ಹೊತ್ತು ನನ್ನ ಹತ್ರ ಇರ್ಲಿ. ನನಗೂ ಮಾತಾಡೋಕೆ ಒಂದು ಜೀವ ಆಗುತ್ತೆ. ಬಟ್ಟೆಗಳು ತಿರುಗಿ ಮಾತಾಡಲ್ಲ.”

ಹಾಗೆ ಹಗಲಲ್ಲಿ ಕೂಸು ಎದುರುಮನೆಗೆ ಹೋಗತೊಡಗಿತು. ಅಕ್ಕ ಇಸ್ತ್ರಿ ಮೇಜಿನ ಕೆಳಗೆ ಒಗೆದ ಚಾದರವನ್ನು ನಾಲ್ಕು ಮಡಿಕೆ ಮಾಡಿ ಹಾಸುವಳು. ಅಷ್ಟೇ ಹಾಸಿಗೆ. ಸಂಜೆ ಕರೆತರಲು ಹೋದಾಗ ಅಕ್ಕ ಹೇಳುತ್ತಿದ್ದಳು: “ಹಾಲು ಪೂರ್ತಿ ಕುಡೀತು. ಮೊಟ್ಟೆ ತಿನ್ಸಿದೆ, ಇನ್ನೂ ಬೇಕು ಅಂತ ಕೈ ಚಾಚ್ತು. ನಿನ್ನ ಮಗಳು ಅಲ್ಲಿ ಉಪವಾಸ, ಇಲ್ಲಿ ಔತಣ.”

“ಕೆಮ್ಮಲಿಲ್ವಾ?”

“ಎಲ್ಲಿಯ ಕೆಮ್ಮು? ನನ್ನ ಮನೇಲಿ ಕೆಮ್ಮೋದು ನಾನೊಬ್ಬಳೇ, ಅದೂ ಬಾಕಿ ಇಟ್ಟೋರು ಬಂದಾಗ, ದುಡ್ಡು ನೆನಪಿಸೋಕೆ.”

ಅವಳು ನಗಲಿಲ್ಲ. ಕೂಸನ್ನು ಎತ್ತಿಕೊಂಡು ಬೀದಿ ದಾಟಿ ಬಂದಳು. ಬೆಣ್ಣೆ ಹತ್ತಿಯ ಹಾಸಿಗೆಯಲ್ಲಿ ಮಲಗಿಸಿದಳು. ಒಲೆಯ ಮೇಲೆ ನೀರು ಕಾಯುವಷ್ಟರಲ್ಲಿ ಎದೆಯ ಕೀಲು ಕಿರುಗುಟ್ಟತೊಡಗಿತು. ಮರುದಿನವೂ ಹೀಗೆಯೇ ಆಯಿತು, ಅದರ ಮರುದಿನವೂ. ಅವಳು ಹೆಚ್ಚು ಓದಿದವಳಲ್ಲ. ಆದರೆ ಒಂದೇ ಮಗು ಬೀದಿಯ ಆ ಕಡೆ ಉಣ್ಣುತ್ತದೆ, ಈ ಕಡೆ ಉಸಿರು ಕಟ್ಟುತ್ತದೆ ಎನ್ನುವುದನ್ನು ಕಾಣಲು ಕಣ್ಣಿದ್ದರೆ ಸಾಕು. ಬಗ್ಗಿ ಹಾಸಿಗೆಯನ್ನು ಅಂಗೈಯಿಂದ ಒಮ್ಮೆ ತಟ್ಟಿದಳು. ಮೂಗಿಗೆ ಬಂದದ್ದು ಕಂಡವರ ಮನೆಯ ಹಾಸಿಗೆಗಳ ಹಳೆಯ ವಾಸನೆ. ಎಷ್ಟು ಜನರ ಬೆವರಿನ, ಎಷ್ಟು ವರ್ಷಗಳ ಧೂಳಿನ ಪುಡಿ ಅದು! ಬೆಣ್ಣೆ ಎಂದು ಹೆಸರಿಟ್ಟಿದ್ದರಿಂದ ಯಾರೂ ಮೂಸಿ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಮಾರನೆಯ ದಿನ ಅವಳು ಯಾರನ್ನೂ ಕೇಳಲಿಲ್ಲ. “ಅಕ್ಕನ ಮನೆಗೆ ಹೋಗ್ತೀನಿ” ಎಂದಳು. ಅಕ್ಕನ ಮನೆಗೇ ಹೋದಳು, ಅಲ್ಲಿಂದ ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಉದ್ದದ ಬೆಂಚು, ಅಳುವ ಮಕ್ಕಳು, ಫಿನಾಯಿಲ್ ವಾಸನೆ. ತನ್ನ ಮಗುವನ್ನು ಡಾಕ್ಟರಿಗೆ ತೋರಿಸಲು ಬಂದವಳು ಸರದಿ ಬರುವವರೆಗೆ ಕಳ್ಳತನ ಮಾಡಿದವಳಂತೆ ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದಳು.

ಡಾಕ್ಟರಮ್ಮ ಮಗುವಿನ ಎದೆಗೆ ಕೊಳವೆ ಇಟ್ಟು ಕೇಳಿದರು, ಕಿವಿಯ ಹಿಂದೆ ನೋಡಿದರು, ಮೂಗಿನ ಅಂಚಿನಿಂದ ಒಂದು ಬಿಳಿ ಎಳೆಯನ್ನು ಚಿಮಟದಿಂದ ಹಿಡಿದು ತೆಗೆದರು. “ಏನಿದು?”

“ಹತ್ತಿ. ನಮ್ಮನೇಲಿ ಹಿಂಜ್ತೀವಿ.”

“ಮಗು ಎಲ್ಲಿ ಮಲಗುತ್ತೆ?”

ಅವಳು ಹೇಳಿದಳು. ಬೆಣ್ಣೆ ಹತ್ತಿಯ ಸಂಗತಿಯನ್ನೂ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ. ಬೈಯುವ ಶಕ್ತಿ ಉಳಿದಿದ್ದಂತೆ ಕಾಣಲಿಲ್ಲ, ಅವರೂ ಬೆಳಗಿನಿಂದ ಅದೇ ಕುರ್ಚಿಯಲ್ಲಿ ಕೂತಿದ್ದರು. ಮಗುವಿನ ಮುಖಕ್ಕೆ ಬಟ್ಟಲಿನಂಥದ್ದು ಹಿಡಿದು ಹೊಗೆಯಂತೆ ಬರುವ ಔಷಧಿ ಕೊಡಿಸಿದರು. ಎದೆಯ ಸದ್ದು ಸ್ವಲ್ಪ ಇಳಿಯಿತು. “ಔಷಧಿ ಕೊಡ್ತೀನಿ. ಆದ್ರೆ ಔಷಧಿಯಿಂದ ಅರ್ಧ ಕೆಲಸ ಅಷ್ಟೇ. ಆ ಹಾಸಿಗೆ ತೆಗೀಬೇಕು. ಮಲಗೋ ಕೋಣೆಗೆ ಗಾಳಿ ಬರ್ಬೇಕು. ಯಂತ್ರ ಓಡೋವಾಗ ಮಗು ಅಲ್ಲಿರಬಾರದು. ತೂಕ ಇಷ್ಟು ಕಡಿಮೆ ಇರೋದು ಉಸಿರಾಡೋಕೇ ಎಲ್ಲಾ ಖರ್ಚಾಗ್ತಿರೋದ್ರಿಂದ. ನಾಳೆ ಗಂಡನ್ನೋ ಅತ್ತೆ ಮಾವನ್ನೋ ಕರ್ಕೊಂಡ್ ಬಾಮ್ಮ, ನಾನು ಹೇಳ್ತೀನಿ.”

“ಅವ್ರು ಬರಲ್ಲ” ಎಂದಳು ಅವಳು. “ನನಗೇ ಹೇಳಿ ಡಾಕ್ಟರೇ. ಇನ್ನೊಂದ್ಸಲ ಹೇಳಿ. ಮಾಡೋಳು ನಾನೇ” ಎಂದಳು.

ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ಇನ್ನೊಂದು ಸಲ ಹೇಳಿದರು.

ಮನೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ನೇರವಾಗಿ ಮಾವನಿಗೇ ಹೇಳಿದಳು. ಗಂಡನ ಮೂಲಕ ಅಲ್ಲ, ಅತ್ತೆಯ ಮೂಲಕವೂ ಅಲ್ಲ. ಅದೇ ಎಲ್ಲರಿಗೂ ಮೊದಲ ಆಘಾತ. ಅತ್ತೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು.

ಮಾವನಿಗೆ ಸಿಟ್ಟು ಬರಲಿಲ್ಲ, ಅದಕ್ಕಿಂತ ಕೆಟ್ಟದ್ದಾಯಿತು, ನೋವಾಯಿತು. “ನಾನು ವಿಷ ಹಾಕಿದ್ನಾ ಮಗೂಗೆ?” ಎಂದರು. “ಆ ಬೆಣ್ಣೆ ಹತ್ತಿ ಒಂದು ಚೀಲ ಆಗೋಕೆ ಎಷ್ಟು ವರ್ಷ ಬೇಕು ಗೊತ್ತೇನಮ್ಮ ನಿನಗೆ? ಈ ಕೈಯಿಂದ ಒಂದೊಂದು ಎಳೆ ತೆಗ್ದಿದೀನಿ. ಸ್ವಂತ ಅಂಗಿಗೆ ಗುಂಡಿ ಹಾಕಿಸ್ಕೊಳ್ಳದೆ ಮೊಮ್ಮಗೂಗೆ ಹಾಸಿಗೆ ಮಾಡಿದೀನಿ.”

“ಪ್ರೀತಿಯಿಂದಾನೇ ಮಾಡಿದೀರಿ ಮಾವ. ನಾನೂ ಪ್ರೀತಿಯಿಂದಾನೇ ಹೊಲ್ದಿದೀನಿ. ಅದು ಅವಳಿಗೆ ಆಗ್ತಾ ಇಲ್ಲ.”

“ನನ್ನ ಮಗ ಅದರ ಮೇಲೇ ಬೆಳೆದ. ನೋಡು, ಕಲ್ಲಿನ ಹಾಗಿದಾನೆ” ಎಂದು ಗಂಡನ ಕಡೆ ಕೈ ತೋರಿಸಿದರು. ಗಂಡ ಕಲ್ಲಿನ ಹಾಗೆಯೇ ಕೂತಿದ್ದ. ಅತ್ತೆ ಪಾತ್ರೆ ತೊಳೆಯಲು ಎದ್ದು ಹೋದರು. ಮಾತು ಅಲ್ಲಿಗೆ ನಿಂತಿತು.

ಅಂದು ಸಂಜೆ ಮಾವ ಕೂಸಿನ ಹಾಸಿಗೆಯನ್ನು ಅಂಗಡಿಗೆ ತೆಗೆದುಕೊಂಡು ಹೋದರು. ಹೊಲಿಗೆಯ ಒಂದು ಬದಿ ಬಿಚ್ಚಿದರು. ಚೀಲದಲ್ಲಿ ಉಳಿದಿದ್ದ ಬೆಣ್ಣೆ ಹತ್ತಿಯನ್ನೆಲ್ಲ, ಅಷ್ಟನ್ನೂ, ಅದರೊಳಗೆ ಸುರಿದರು. ಜಿಪುಣತನ ಮಾಡಿದ್ದೇ ತಪ್ಪಾಗಿರಬೇಕು, ಇಷ್ಟು ಮೆತ್ತಗಾದ ಮೇಲಾದರೂ ಮಗು ಚೆನ್ನಾಗಿ ನಿದ್ದೆ ಮಾಡೀತು ಎಂದು ಅವರ ಮನಸ್ಸಿನಲ್ಲಿತ್ತೋ ಏನೋ. ತಂದು ಸೊಸೆಯ ಮುಂದಿಟ್ಟರು. “ಹೊಲಿದುಬಿಡಮ್ಮ. ಬೇಗ.”

ಅವಳು ಹಾಸ್ಟೆಲಿನ ಹಾಸಿಗೆಯೊಂದರ ಮೇಲೆ ಬಗ್ಗಿದ್ದಳು. ತಲೆಯೆತ್ತಿದಳು. ಮೈಯೆಲ್ಲ ನೋಯುತ್ತಿತ್ತು. ಜಗಳವಾಡಲು ಬೇಕಾದ ಕಸುವು ಅವಳಲ್ಲಿ ಇರಲಿಲ್ಲ, ಇದ್ದಿದ್ದರೆ ಬಹುಶಃ ಅತ್ತು ಕೂಗಾಡಿ ಕೊನೆಗೆ ಹೊಲಿದುಕೊಡುತ್ತಿದ್ದಳು. ದಬ್ಬಳದಿಂದ ದಾರ ಹಿಂತೆಗೆದು, ಸುತ್ತಿ, ಪಕ್ಕಕ್ಕಿಟ್ಟಳು.

“ಇದನ್ನ ನಾನು ಹೊಲಿಯಲ್ಲ ಮಾವ.”

“ಏನಂದೆ?”

“ಹಾಸ್ಟೆಲಿಂದು ಎಷ್ಟಿದ್ರೂ ಹೊಲೀತೀನಿ. ಇದನ್ನ ಮಾತ್ರ ಆಗಲ್ಲ.”

ಹೊಲಿಗೆ ಬೀಳದ ಹಾಸಿಗೆ ಹಾಸಿಗೆಯಲ್ಲ, ಬಾಯಿ ತೆರೆದ ಚೀಲ. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾವ ದಬ್ಬಳ ಎತ್ತಿಕೊಂಡರು. ಒಂದು ಕಾಲದಲ್ಲಿ ಕೈಚಳಕವಿದ್ದ ಬೆರಳುಗಳು ಈಗ ಗೆಣ್ಣು ಬಿಗಿದು ಮಡಚುತ್ತಿರಲಿಲ್ಲ. ಮೊದಲ ಚುಚ್ಚಿಗೇ ದಬ್ಬಳ ಜಾರಿ ಹತ್ತಿ ಬುಸ್ಸೆಂದು ಹೊರಕ್ಕೆದ್ದಿತು. ಹೆಂಡತಿಯ ಕಡೆ ನೋಡಿದರು. “ನನಗೆ ದಾರ ಪೋಣಿಸೋಕೇ ಕಣ್ಣು ಕಾಣಲ್ಲ” ಎಂದರು ಅತ್ತೆ, ಆ ಕಡೆ ತಿರುಗದೆಯೇ. ಕೊನೆಗೆ ಮಗನ ಕಡೆ ತಿರುಗಿದರು. “ನೀನಾದ್ರೂ ನಾಲ್ಕು ಗಂಟು ಹಾಕಿಕೊಡೋ.”

ಗಂಡ ಯಂತ್ರ ನಿಲ್ಲಿಸಿದ. ಸದ್ದು ನಿಂತದ್ದರಿಂದ ಪರದೆಯ ಆಚೆ ಕೂಸಿನ ಉಸಿರು ಎಲ್ಲರ ಕಿವಿಗೂ ಬಿತ್ತು. ಕಿರ್ ಎಂದು ಒಳಕ್ಕೆ, ಕಿರ್ ಎಂದು ಹೊರಕ್ಕೆ. ಯಂತ್ರ ಓಡುವಾಗ ಅದು ಅವಳೊಬ್ಬಳಿಗೇ ಕೇಳಿಸುತ್ತಿತ್ತು. ಗಂಡ ಅಪ್ಪನ ಮುಖ ನೋಡಿದ, ತೆರೆದ ಹಾಸಿಗೆ ನೋಡಿದ. ಹೂಂ ಅನ್ನಲಿಲ್ಲ. ಮಾವ ಚಪ್ಪಲಿ ಮೆಟ್ಟಿ ಬೀದಿಗಿಳಿದರು.

ಅವಳು ಎದ್ದು ಆ ಬಾಯಿ ತೆರೆದ ಹಾಸಿಗೆ, ದಿಂಬು, ಕೌದಿ ಮೂರನ್ನೂ ಒಂದು ಗೋಣಿಗೆ ತುರುಕಿ ಬಾಯಿ ಕಟ್ಟಿ ಓಣಿಯ ಕಸದ ತೊಟ್ಟಿಗೆ ಹಾಕಿ ಬಂದಳು. ಗೆದ್ದೆನೆಂದು ಅನಿಸಲಿಲ್ಲ. ಮನೆಯ ಹಿರಿಯರೊಬ್ಬರ ಬಹಳ ವರ್ಷಗಳ ದುಡಿಮೆಯನ್ನು ಎಸೆದೆನೆಂದು ಅನಿಸಿತು. ಅದೂ ನಿಜವೇ.

ಹಿಂದಿರುಗಿದಾಗ ಅತ್ತೆ ಮುಚ್ಚಿದ ಕಿಟಕಿಯ ಕೆಳಗೆ ಕೂತಿದ್ದರು. ಮಡಿಲಲ್ಲಿ ಇಕ್ಕಳ.

“ನನಗೂ ಇಬ್ಬರು ಹೋದ್ರು” ಎಂದರು. “ನಿನ್ನ ಗಂಡನಿಗಿಂತ ಮೊದಲು. ಇದೇ ಕೋಣೇಲಿ, ಕೆಮ್ಮಿ ಕೆಮ್ಮಿ. ಹಾಸಿಗೆ ಅಂತ ಯಾರಿಗೆ ಹೊಳೀಬೇಕು? ಉಸಿರು ಕಟ್ಟುತ್ತೆ, ಕಿಟಕಿ ತೆಗೀರಿ ಅಂತ ಮಾತ್ರ ಕೇಳಿದ್ದೆ. ನನ್ನ ಅತ್ತೆಗೆ ಹೇಳಿದೆ, ಅವ್ರು ನಿನ್ನ ಮಾವಂಗೆ ಹೇಳಿದ್ರು. ಹತ್ತಿ ಹಾರುತ್ತೆ ಅಂದ್ರು. ಮತ್ತೆ ಕೇಳಿದೆ. ಕೇಳಿ ಕೇಳಿ ಬಾಯಿ ಸೋತುಹೋಯ್ತು ಕಣೇ. ಆಮೇಲೆ ಕೇಳೋದೇ ಬಿಟ್ಟೆ.” ಇಕ್ಕಳವನ್ನು ಸೊಸೆಯ ಕಡೆ ಚಾಚಿದರು. “ಮೊಳೆ ತುಕ್ಕು ಹಿಡಿದಿದೆ. ನನ್ನ ಕೈಲಾಗ್ಲಿಲ್ಲ. ನೀನು ನೋಡು.”

ಅವಳ ಕೈಲೂ ಆಗಲಿಲ್ಲ. ಗಂಡ ಬಂದು ಇಕ್ಕಳ ತೆಗೆದುಕೊಂಡ. ಮೊಳೆಗಳು ಕಿರುಚುತ್ತಾ ಒಂದೊಂದೇ ಹೊರಬಂದವು. ಕಿಟಕಿ ತೆರೆದಾಗ ಒಳಗೆ ಬಂದದ್ದೇನು ಮಹಾ ತಂಗಾಳಿಯಲ್ಲ, ಓಣಿಯ ಚರಂಡಿ ವಾಸನೆ ಬೆರೆತ ಗಾಳಿ. ಆದರೂ ಅದು ಗಾಳಿ.

ಮಗು ಮರುದಿನವೇ ಎದ್ದು ಕುಣಿಯಿತೆಂದು ಹೇಳಿದರೆ ಸುಳ್ಳಾದೀತು. ಎರಡು ಸಲ ಮತ್ತೆ ಜೋರಾಗಿ ಕೆಮ್ಮು ಬಂತು, ಅವಳು ಎರಡು ಸಲವೂ ಯಾರನ್ನೂ ಕೇಳದೆ ಆಸ್ಪತ್ರೆಗೆ ಓಡಿದಳು. ಮನೆಯ ಕೆಲಸ ಇಮ್ಮಡಿಯಾಯಿತು. ಕಿಟಕಿ ತೆರೆದಿದ್ದರಿಂದ ಅಂಗಡಿಯ ಹತ್ತಿ ನಿಜವಾಗಿಯೂ ಹಾರುತ್ತಿತ್ತು, ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಗಾಗಿ ಯಂತ್ರ ಓಡುವ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಕೂಸನ್ನು ಎದುರುಮನೆಗೆ ಬಿಡುವುದು, ನಿಂತ ಮೇಲೆ ಕಿಟಕಿ ತೆರೆದು ಒದ್ದೆ ಬಟ್ಟೆಯಿಂದ ನೆಲ, ಗೋಡೆ, ಗೂಡು ಎಲ್ಲ ಒರೆಸಿ, ಪರದೆ ಒಗೆದು, ಆಮೇಲೆ ಕೂಸನ್ನು ಕರೆತಂದು ಮಡಿಸಿದ ಚಾದರದ ಮೇಲೆ ಮಲಗಿಸುವುದು. ಇದೆಲ್ಲ ಮಾಡಬೇಕೆಂದು ಹೇಳಿದವಳು ಅವಳು, ಆದ್ದರಿಂದ ಮಾಡುವವಳೂ ಅವಳೇ ಆದಳು. ಮನೆಯಲ್ಲಿ ಒಂದು ಮಾತು ಅವಳದಾದದ್ದಕ್ಕೆ ಸೊಂಟ ಇನ್ನಷ್ಟು ಬಗ್ಗಿತು.

ಮಾವ ಬಹಳ ದಿನ ಅವಳೊಡನೆ ಮಾತಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಕೂಸಿನ ಮೂಲಕ ಹೇಳುತ್ತಿದ್ದರು. “ಗುಂಡಮ್ಮಾ, ಹುರಿದಾರ ಮುಗೀತು ಅಂತ ನಿಮ್ಮಮ್ಮಂಗೆ ಹೇಳು.” “ಗುಂಡಮ್ಮಾ, ಹಾಸ್ಟೆಲಿನವರು ನಾಳೆ ಬರ್ತಾರೆ ಅಂತ ಹೇಳು.” ಮಾತೇ ಬಾರದ ಕೂಸು ಇಬ್ಬರ ಮುಖವನ್ನೂ ನೋಡಿ ಜೊಲ್ಲು ಸುರಿಸುತ್ತಿತ್ತು. ಇಸ್ತ್ರಿ ಅಕ್ಕ ಇದನ್ನು ಕಂಡು, “ಇದಕ್ಕೆ ಮೊದಲು ಬರೋ ಮಾತು ಅಮ್ಮ ಅಂತಲ್ಲ ಕಣೇ, ಹುರಿದಾರ ಅಂತ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ತೊಡೆಯ ಮಡಿಕೆಗಳು ತಿರುಗಿ ಬರಲಿಲ್ಲ. ಆದರೆ ಎದೆಯ ಸದ್ದು ಕಡಿಮೆಯಾಗುತ್ತಾ ಬಂತು. ಆಸ್ಪತ್ರೆಯ ತಕ್ಕಡಿಯ ಮುಳ್ಳು, ಬೇಕೋ ಬೇಡವೋ ಎಂಬಂತೆ, ಒಂದಿಷ್ಟು ಮುಂದಕ್ಕೆ ಸರಿಯಿತು. ಕೂಸು ಗೋಡೆ ಹಿಡಿದು ನಿಂತಿತು, ಗೋಡೆ ಬಿಟ್ಟು ನಿಂತಿತು, ಬಿದ್ದಿತು, ಎದ್ದಿತು.

ಹಾಸ್ಟೆಲಿನ ಹಾಸಿಗೆಗಳೆಲ್ಲ ಲಾರಿ ಏರಿದ ದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಣ್ಣಲು ಕೂತರು. ಅವಳು ಕೂಸಿಗೆ ಬೇಳೆ ಕಲಸಿದ ಅನ್ನ ತಿನ್ನಿಸುತ್ತಿದ್ದಳು. ತಿನ್ನಿಸುತ್ತಾ ತಿನ್ನಿಸುತ್ತಾ ಗೋಡೆಗೆ ತಲೆಯಾನಿಸಿದವಳಿಗೆ ರೆಪ್ಪೆ ಮುಚ್ಚಿಹೋಯಿತು. ತಟ್ಟೆ ಬರಿದಾಗಿತ್ತು. ಕೂಸು ತಟ್ಟೆಯನ್ನು ಬಡಿದು, “ಇನ್ನೂ!” ಎಂದಿತು. ಮತ್ತೆ ಬಡಿಯಿತು. “ಇನ್ನೂ!”

ಅವಳಿಗೆ ಕೇಳಿಸಿತು. ಎದ್ದೇಳಬೇಕೆಂದು ಮನಸ್ಸು ಹೇಳಿತು, ಮೈ ಕೇಳಲಿಲ್ಲ. ಅತ್ತೆ ನೀರು ತರಲು ಹೊರಗೆ ಹೋಗಿದ್ದರು. ಗಂಡನ ಬಾಯಿ ತುಂಬ ಅನ್ನ. ಊಟದ ನಡುವೆ ಎಂದೂ ಎದ್ದವರಲ್ಲದ ಮಾವ ಒಂದು ಕೈ ನೆಲಕ್ಕೂರಿ, ನರಳಿ, ಎದ್ದರು. ಒಲೆಯ ಹತ್ತಿರ ಮುಚ್ಚಳ ಎತ್ತಿ ಇಡುವ ಸದ್ದಾಯಿತು. ಇನ್ನೊಂದು ಮುಚ್ಚಳ. ಗೂಡಿನಲ್ಲಿ ಏನೋ ಉರುಳಿತು.

“ಏನಮ್ಮಾ,” ಎಂದರು ಮಾವ. ಕೂಸಿಗಲ್ಲ, ಅವಳಿಗೆ. “ಸೌಟು ಎಲ್ಲಿಟ್ಟಿದೀಯ?”

“ಬಲಗಡೆ, ಮೊಳೆಗೆ ನೇತು ಹಾಕಿದೀನಿ” ಎಂದಳು ಅವಳು ಕಣ್ಣು ತೆರೆಯದೆ.

“ಎಷ್ಟು ಹಾಕ್ಲಿ?”

“ಅವಳು ಸಾಕು ಅನ್ನೋವರೆಗೆ ಹಾಕಿ ಮಾವ.”